ಪಾಲ್ಪಾದವರೆಗೂ ಹೋದ ಲಗ್ನಪತ್ರಿಕೆ

ಮುದ್ದಯ್ಯ ಎಂದು ಹೆಸರಿಟ್ಟವರಿಗೆ ಆ ಮಗು ಬೆಳೆದ ಮೇಲೆ ಎಂಥ ಆಸಾಮಿ ಆಗುತ್ತದೆ ಎಂದು ಗೊತ್ತಿರಲಿಲ್ಲ. ಗುಬ್ಬಿ ಹತ್ತಿರದ ಹಳ್ಳಿಯ ಸ್ಕೂಲಿನಲ್ಲಿ ಐದನೇ ಕ್ಲಾಸಿನವರೆಗೆ ಓದಿದ. ಮಾಡದ ತಪ್ಪಿಗೆ ಮೇಷ್ಟ್ರು ಹೊಡೆದರೆಂದು ಸ್ಲೇಟನ್ನು ಅವರ ಮೇಜಿನ ಮೇಲಿಟ್ಟು ಎದ್ದು ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ತುಮಕೂರಿಗೆ ಬಂದು ಅಂತರಸನಹಳ್ಳಿಯ ಶೆಡ್ಡುಗಳಲ್ಲಿ ವೆಲ್ಡಿಂಗ್ ಕಲಿತ. ಮೂವತ್ತು ವರ್ಷದಲ್ಲಿ ಏಳು ಶೆಡ್ಡು ಬದಲಾಯಿಸಿದ. ಕೆಲಸ ಸರಿಯಿಲ್ಲ ಎಂದು ಯಾರೂ ಅವನನ್ನು ಕಳಿಸಿದ್ದಿಲ್ಲ. ಪ್ರತಿ ಸಲವೂ ಮಾತಿಗೆ ಮಾತು ಬೆಳೆದು, ತಾನೇ ಕೈಗವಸು ಬಿಚ್ಚಿಟ್ಟು ಹೊರಗೆ ನಡೆದದ್ದು.

ಇಂಥವನಿಗೆ ಒಂದು ವಿಷಯದಲ್ಲಿ ಬಲು ಕಟ್ಟುನಿಟ್ಟು. ಮದುವೆಗೆ ಕರೆಯುವುದಾದರೆ ಮನೆ ಬಾಗಿಲಿಗೆ ಬಂದು, ಅರಿಸಿನ ಹಚ್ಚಿದ ಪತ್ರಿಕೆ ಕೈಗೆ ಕೊಟ್ಟು, ಅಕ್ಷತೆ ಹಾಕಿ, ಬಾಯಿ ಬಿಟ್ಟು ‘ಬನ್ನಿ’ ಅನ್ನಬೇಕು. ಇಲ್ಲದಿದ್ದರೆ ಕರೆದ ಲೆಕ್ಕವೇ ಅಲ್ಲ. ನಮ್ಮ ಕಡೆ ಎಲ್ಲರೂ ಹೀಗೆಯೇ ಅನ್ನುತ್ತಾರೆ, ಆದರೆ ಅಂದವರೆಲ್ಲ ಕೊನೆಗೆ ಹೋಗಿ ಉಂಡು ಬರುತ್ತಾರೆ. ಮುದ್ದಯ್ಯ ಹೋಗುವವನಲ್ಲ. ಎರಡು ವರ್ಷದ ಕೆಳಗೆ ಗುಬ್ಬಿಯಲ್ಲಿರುವ ಸ್ವಂತ ಅಣ್ಣ ಕಾಳಯ್ಯ ತನ್ನ ಮಗನ ಲಗ್ನಪತ್ರಿಕೆಯನ್ನು ಅವಸರಕ್ಕೆ ವಾಟ್ಸಾಪಿನಲ್ಲಿ ಹಾಕಿದ. ಮುದ್ದಯ್ಯ ಆ ಮದುವೆಯ ದಿನ ಶೆಡ್ಡಿನಲ್ಲಿ ಓಟಿ ಮಾಡಿದ.

ಈಗ ಅವನ ಮಗಳದೇ ಮದುವೆ. ತೇಜಸ್ವಿನಿ ತುಮಕೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಹುಡುಗ ಚನ್ನೇಶ್ ಕುಣಿಗಲ್ಲಿನವನು, ಸರ್ವೇಯರ್. ವೈಶಾಖದಲ್ಲಿ ಕುಣಿಗಲ್ಲಿನ ಛತ್ರದಲ್ಲಿ ಧಾರೆ. ಮುದ್ದಯ್ಯ ಹದಿನೈದು ದಿನ ಟೀವಿಯೆಸ್ ಮೇಲೆ ಗುಬ್ಬಿ, ಹುಲಿಯೂರುದುರ್ಗ, ಕುಣಿಗಲ್ ಎಲ್ಲ ಸುತ್ತಿ ಒಂದು ಮನೆಯನ್ನೂ ಬಿಡದೆ ಕರೆದ. ಉಳಿದದ್ದು ಒಂದೇ ಮನೆ. ಅದು ಮೊದಲು ಕರೆಯಬೇಕಾದ ಮನೆ, ಹುಡುಗಿಯ ಸೋದರಮಾವನದು. ಬಾಸಿಂಗ ಕಟ್ಟುವವನು, ಕೈ ಹಿಡಿದು ಮಂಟಪಕ್ಕೆ ಕರೆತರುವವನು ಅವನು.

ಆ ಮನೆ ಇದ್ದದ್ದು ನೇಪಾಳದಲ್ಲಿ.

ಟೇಕ್ ಬಹದ್ದೂರ್ ಎಂಬ ಆ ಮನುಷ್ಯ ಮುದ್ದಯ್ಯನ ಐದನೇ ಶೆಡ್ಡಿನಲ್ಲಿ ಹದಿನಾರು ವರ್ಷ ಗೇಟು ಕಾದವನು. ಮುದ್ದಯ್ಯನ ಹೆಂಡತಿ ಲಕ್ಷ್ಮೀದೇವಮ್ಮ ದಿನಾ ಗಂಡನ ಊಟದ ಡಬ್ಬಿಯನ್ನು ಅವನ ಕೈಗೆ ಕೊಟ್ಟು ಹೋಗುತ್ತಿದ್ದಳು. ಒಂದು ಗೌರಿಹಬ್ಬದ ದಿನ ಡಬ್ಬಿ ಕೊಡಲು ಬಂದವಳ ಮುಖ ಸಪ್ಪಗಿತ್ತು. ಯಾಕೆ ಎಂದು ಕೇಳಿದ. ಅಕ್ಕಪಕ್ಕದ ಹೆಂಗಸರಿಗೆಲ್ಲ ತವರಿನಿಂದ ಅಣ್ಣತಮ್ಮಂದಿರು ಸೀರೆ ಬಳೆ ತಂದಿದ್ದಾರೆ, ತನಗೆ ಒಡಹುಟ್ಟಿದವರು ಯಾರೂ ಇಲ್ಲ ಎಂದಳು. ಮರುದಿನ ಟೇಕ್ ಬಹದ್ದೂರ್ ಒಂದು ರವಿಕೆ ಪೀಸು, ಒಂದು ಡಜನ್ ಹಸಿರು ಬಳೆ ಹಿಡಿದು ಅವರ ಮನೆ ಬಾಗಿಲಲ್ಲಿ ನಿಂತ. ಅಲ್ಲಿಂದ ಒಂದು ವರ್ಷವೂ ತಪ್ಪಿಸಲಿಲ್ಲ. ದೀಪಾವಳಿಗೆ ಅವರ ದೇಶದ ಪದ್ಧತಿಯಂತೆ ಲಕ್ಷ್ಮೀದೇವಮ್ಮನಿಂದ ಹಣೆಗೆ ತಿಲಕ ಇಡಿಸಿಕೊಳ್ಳುತ್ತಿದ್ದ. ತೇಜಸ್ವಿನಿ ಅವನನ್ನು ಮಾಮ ಎಂದಳು. ಅವರ ಭಾಷೆಯಲ್ಲೂ ತಾಯಿಯ ಅಣ್ಣನಿಗೆ ಮಾಮನೇ ಅನ್ನುವುದು ಎಂದು ಅವನಿಗೆ ದೊಡ್ಡ ಸಂತೋಷ.

ಅದನ್ನು ಕೆಡಿಸಿದ್ದು ಮುದ್ದಯ್ಯನ ಬಾಯಿ. ನಾಲ್ಕು ವರ್ಷದ ಹಿಂದೆ ತೇಜಸ್ವಿನಿಗೆ ಒಂದು ಸಂಬಂಧ ಬಂತು. ಹುಡುಗನಿಗೆ ಎರಡು ಲಾರಿ. ಟೇಕ್ ಬಹದ್ದೂರ್ ಗೇಟಿನಲ್ಲಿ ಕೂತು ಎಲ್ಲ ಡ್ರೈವರುಗಳ ಮಾತು ಕೇಳುವವನು. “ಬ್ಯಾಡ ಬಾವ, ಆ ಹುಡ್ಗ ಸರಿ ಇಲ್ಲ,” ಎಂದ. ಮುದ್ದಯ್ಯನಿಗೆ ಎಲ್ಲಿತ್ತೋ ಸಿಟ್ಟು. ಶಿಫ್ಟು ಬಿಟ್ಟು ಹೊರಡುತ್ತಿದ್ದ ಹತ್ತು ಜನರ ಎದುರಿಗೆ, “ಗೇಟ್ ಕಾಯೋನು ಗೇಟ್ ಕಾಯಿ. ನಮ್ಮನೆ ವಿಷ್ಯಕ್ಕೆ ನೀನ್ಯಾವೋನ್ಲಾ?” ಎಂದುಬಿಟ್ಟ. ಅವನು ರಿಜಿಸ್ಟರಿನಲ್ಲಿ ಇವನು ಹೊರಟ ಟೈಮು ಬರೆದುಕೊಂಡ. ಆ ತಿಂಗಳೇ ತಾಯಿಗೆ ವಯಸ್ಸಾಯಿತೆಂದು ಲೆಕ್ಕ ಚುಕ್ತಾ ಮಾಡಿಸಿಕೊಂಡು ಊರಿಗೆ ಹೋದ. ಲಾರಿ ಹುಡುಗನಿಗೆ ಮೊದಲೇ ಒಬ್ಬಳು ಹೆಂಡತಿ ಇದ್ದಾಳೆಂದು ಗೊತ್ತಾಗಿ ಆ ಸಂಬಂಧ ಮುರಿದದ್ದು ಅವನು ಹೋದ ಮೇಲೆ.

ಹಬ್ಬಗಳಲ್ಲಿ ಅವನು ತೇಜಸ್ವಿನಿಗೆ ಫೋನು ಮಾಡುತ್ತಿದ್ದ, ಅವಳ ತಾಯಿಯ ಜೊತೆಗೂ ಮಾತಾಡುತ್ತಿದ್ದ. ಮುದ್ದಯ್ಯನ ಸುದ್ದಿ ಎತ್ತುತ್ತಿರಲಿಲ್ಲ. ಈಗ ಮದುವೆ ವಿಷಯ ಹೇಳಿ ಬನ್ನಿ ಎಂದು ಅವಳು ಕರೆದಾಗ ಅವನಂದದ್ದು ಒಂದೇ ಮಾತು.

“‘ನೋಡಣ ಕೂಸೆ’ ಅಂದ್ರು ಅಪ್ಪ,” ಎಂದಳು ತೇಜಸ್ವಿನಿ.

ತುಮಕೂರಿನಲ್ಲಿ ಹದಿನಾರು ವರ್ಷ ಇದ್ದವನು ‘ನೋಡಣ’ ಎಂದರೆ ಬರುವುದಿಲ್ಲ ಎಂದೇ ಅರ್ಥ.

“ಹೋಗಿ ಕರೀರಿ,” ಎಂದಳು ಲಕ್ಷ್ಮೀದೇವಮ್ಮ. “ಅನ್ನೋವಾಗ ಎದ್ರುಗೆ ನಿಂತ್ಕೊಂಡು ಅಂದ್ರಿ. ಕರೆಯೋವಾಗ್ಲೂ ಎದ್ರುಗೇ ನಿಂತ್ಕೊಂಡು ಕರೀರಿ. ಇಲ್ದಿದ್ರೆ ನಮ್ಮಣ್ಣನ ಜಾಗ ಖಾಲಿನೇ ಇರ್ಲಿ, ಇನ್ಯಾರೂ ಬಂದು ನಿಂತ್ಕಳೋದು ಬ್ಯಾಡ.”

ಈ ಸುದ್ದಿ ಗುಬ್ಬಿಗೆ ಮುಟ್ಟಲು ಒಂದು ದಿನವೂ ಬೇಕಾಗಲಿಲ್ಲ. ಕಾಳಯ್ಯ ತಾನೇ ಬಂದ.

“ಏನ್ಲಾ, ನೇಪಾಳಕ್ಕೆ ಹೋಯ್ತೀಯಂತೆ, ಕಾರ್ಡ್ ಕೊಡಾಕೆ? ವಾಟ್ಸಾಪಿಗೆ ಹಾಕೋ.”

“ನೀನು ಆಡ್ಕಳಾಕೆ ಬಂದ್ಯಾ?”

“ಆಡ್ಕಳ್ದೆ ಇನ್ನೇನ್ ಮಾಡ್ಲಿ? ನನ್ ಮಗನ್ ಮದ್ವೇಲಿ ನಿನ್ನೆಸರ ಎಲ್ರೂ ಕೇಳೋರು. ನಮ್ಗೆ ಹಾಕಿದ್ ರೂಲ್ಸು ಈಗ ನಿನ್ ಕುತ್ಗೆಗೇ ಬಂತು. ಹೋಗ್ ಬಾ, ಚೆನ್ನಾಗಿ ಸುತ್ತಾಡ್ಕೊಂಡ್ ಬಾ.” ಹಾಗೆಂದು ಚೀಲದಿಂದ ಐದು ಬಲಿತ ತೆಂಗಿನಕಾಯಿ ತೆಗೆದು ಜಗಲಿಯ ಮೇಲಿಟ್ಟ. “ನಮ್ ತೋಟದ್ದು. ಬರಿಗೈಲಿ ಹೋಗ್ಬ್ಯಾಡ.”

ಮದುವೆಗೆಂದು ಕೂಡಿಸಿದ್ದಕ್ಕೆ ಕೈ ಹಾಕಬಾರದೆಂದು ಮುದ್ದಯ್ಯ ತೀರ್ಮಾನ ಮಾಡಿದ್ದ. ಎರಡು ವಾರದ ಸಂಬಳ ಅಡ್ವಾನ್ಸು ಕೇಳಿದ. ಅಷ್ಟರಲ್ಲೇ ಹೋಗಿ ಬರಬೇಕು. ಬಸ್ ಸ್ಟ್ಯಾಂಡಿನ ಹತ್ತಿರ ಮೋಮೋ ಮಾರುವ ನೇಪಾಳಿಯೊಬ್ಬ, “ನೂರರ ನೋಟು ತಗೊಂಡು ಹೋಗಿ, ಐನೂರು ಅಲ್ಲಿ ಯಾರೂ ಮುಟ್ಟಲ್ಲ. ಆಧಾರ್ ಜೊತೆಗೆ ವೋಟರ್ ಕಾರ್ಡೂ ಇಟ್ಕೊಳಿ,” ಎಂದು ಹೇಳಿ, ಊರಿನ ಹೆಸರನ್ನು ಅವರ ಅಕ್ಷರದಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಟ್ಟ. ಪಾಲ್ಪಾ ಜಿಲ್ಲೆ, ಬೆಟ್ಟದ ಮೇಲಿನ ಊರು. ತೇಜಸ್ವಿನಿ ಮಾಮನಿಗೆ ಹೇಳದೆಯೇ ದಾರಿಯನ್ನೆಲ್ಲ ಫೋನಿನಲ್ಲಿ ಹುಡುಕಿ ಕನ್ನಡದಲ್ಲಿ ಬರೆದಳು. ಲಕ್ಷ್ಮೀದೇವಮ್ಮ ಎರಡು ಸೇರು ರಾಗಿ ಹುರಿಹಿಟ್ಟು, ಬೆಲ್ಲ, ನಿಪ್ಪಟ್ಟು ಕಟ್ಟಿದಳು. ಅಣ್ಣನಿಗೆ ಪಂಚೆ ಶರ್ಟು, ಅತ್ತಿಗೆಗೊಂದು ಸೀರೆ, ಎಲೆ, ಅಡಿಕೆ, ಅಕ್ಷತೆಯ ಪೊಟ್ಟಣ, ಪತ್ರಿಕೆ, ಎಲ್ಲ ಒಂದು ಬ್ಯಾಗಿಗೆ ಹೋಯಿತು.

ಯಶವಂತಪುರದಿಂದ ಗೋರಖ್‌ಪುರಕ್ಕೆ ಎರಡು ದಿನಕ್ಕೂ ಮೇಲೆ ರೈಲು. ಸ್ಲೀಪರ್ ಸೀಟು ಸಿಕ್ಕಿತ್ತು, ಆದರೆ ಸೀಟು ಎಂಬುದು ಟಿಕೆಟಿನ ಮೇಲೆ ಮಾತ್ರ. ಆಂಧ್ರ ದಾಟುವ ಹೊತ್ತಿಗೆ ಅವನ ಬರ್ತಿನ ಮೇಲೆ ನಾಲ್ಕು ಜನ ಕೂತಿದ್ದರು. ಬೇರೆ ದಿನವಾಗಿದ್ದರೆ ಅಲ್ಲೇ ಒಂದು ಕೈ ನೋಡಿಕೊಳ್ಳುತ್ತಿದ್ದ. ಮಗಳ ಶುಭಕಾರ್ಯಕ್ಕೆ ಹೊರಟವನು ದಾರಿಯಲ್ಲಿ ಜಗಳ ಆಡಬಾರದೆಂದು ಹೆಂಡತಿ ಆಣೆ ಹಾಕಿಸಿದ್ದಳು. ಕಾಲು ಮಡಚಿಕೊಂಡು ಕಿಟಕಿಗೆ ಒರಗಿ ಕೂತ. ಲೋಟದಲ್ಲಿ ಹುರಿಹಿಟ್ಟಿಗೆ ಬೆಲ್ಲ ಪುಡಿ ಮಾಡಿ ಹಾಕಿ, ನೀರು ಬೆರೆಸಿ ಉಂಡೆ ಕಟ್ಟಿ ತಿಂದ. ಎದುರಿನ ಮುದುಕನೊಬ್ಬ ಇದೇನು ಔಷಧಿಯೇ ಎಂದು ಹಿಂದಿಯಲ್ಲಿ ಕೇಳಿದ. ಮುದ್ದಯ್ಯ ಅವನಿಗೂ ಒಂದು ಉಂಡೆ ಕೊಟ್ಟ. ಶೆಡ್ಡಿನ ಬಿಹಾರಿಗಳಿಂದ ಕಲಿತ ಹರಕುಮುರುಕು ಹಿಂದಿಯಲ್ಲಿ, ಮದುವೆಗೆ ಕರೆಯಲು ನೇಪಾಳಕ್ಕೆ ಹೋಗುತ್ತಿದ್ದೇನೆ ಎಂದ.

“ಫೋನು ಮಾಡಬಹುದಿತ್ತಲ್ಲ,” ಎಂದ ಮುದುಕ.

“ನಮ್ಮ ಕಡೆ ಆಗಲ್ಲ.”

“ನಮ್ಮ ಕಡೆಯೂ ಮೊದಲು ಆಗುತ್ತಿರಲಿಲ್ಲ,” ಎಂದು ಮುದುಕ ಉಂಡೆ ಮುರಿದು ಬಾಯಿಗೆ ಹಾಕಿಕೊಂಡ.

ಆ ಎರಡು ದಿನ ಮುದ್ದಯ್ಯ ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಕೂಡಿಸುತ್ತಿದ್ದ. ‘ಅವತ್ತು ಏನೋ ಬಾಯ್ತಪ್ಪಿ’ ಎಂದು ಶುರು ಮಾಡುತ್ತಿದ್ದ. ಬಾಯಿ ತಪ್ಪಿರಲಿಲ್ಲ, ಬೇಕೆಂದೇ ಅಂದದ್ದು. ‘ಸಿಟ್ಟಲ್ಲಿ’ ಎಂದು ತಿದ್ದುತ್ತಿದ್ದ. ಸಿಟ್ಟು ಅವನಿಗೆ ದಿನಾ ಬರುತ್ತದೆ, ಅದೇನು ನೆಪ? ಐವತ್ನಾಲ್ಕು ವರ್ಷದಲ್ಲಿ ಯಾರಿಗೂ ತಪ್ಪಾಯಿತು ಎಂದವನಲ್ಲ. ಹೇಗೆ ಅನ್ನುತ್ತಾರೆ ಎಂಬುದೇ ತಿಳಿಯದು. ಝಾನ್ಸಿ ದಾಟಿದ ಮೇಲೆ ಆ ಯೋಚನೆ ಬಿಟ್ಟು ಹೊರಗಿನ ಗೋಧಿ ಹೊಲ ನೋಡುತ್ತ ಕೂತ.

ಗೋರಖ್‌ಪುರದಲ್ಲಿ ಇಳಿದು, ಸ್ಟೇಷನ್ನಿನ ನಲ್ಲಿಯಲ್ಲೇ ತಲೆಗೆ ನೀರು ಹಾಕಿಕೊಂಡು, ಗಡಿಯ ಊರಾದ ಸೊನೌಲಿಯ ಬಸ್ಸು ಹತ್ತಿದ. ಮೂರು ಗಂಟೆಯ ದಾರಿ. ಬಸ್ಸು ನಿಂತಲ್ಲಿಂದ ಮುಂದೆ ಕಣ್ಣು ಹಾಯುವವರೆಗೂ ಲಾರಿ ಸಾಲು. ಗಡಿ ಎಂದರೆ ಬೇಲಿ, ಬಂದೂಕು, ಏನೇನೋ ಇರುತ್ತದೆ ಎಂದುಕೊಂಡಿದ್ದ. ಇಲ್ಲಿ ಸೈಕಲ್ ರಿಕ್ಷಾ, ತರಕಾರಿ ಗಾಡಿ, ಮಗುವನ್ನು ಎತ್ತಿಕೊಂಡ ಹೆಂಗಸರು ಎಲ್ಲ ಸಂತೆಗೆ ಹೋಗುವಂತೆ ಒಂದು ಕಮಾನಿನ ಕೆಳಗೆ ಹೋಗಿ ಬರುತ್ತಿದ್ದರು. ಅವನೂ ನಡೆದ. ಕಮಾನು ದಾಟಿದ ಮೇಲೆ ನೇಪಾಳದ ಪೊಲೀಸೊಬ್ಬ ಬ್ಯಾಗು ತೋರಿಸಿ ತೆಗೆಯಲು ಹೇಳಿದ. ವೋಟರ್ ಕಾರ್ಡನ್ನು ಆ ಕಡೆ ಈ ಕಡೆ ತಿರುಗಿಸಿದ, ಅದರಲ್ಲಿದ್ದ ಕನ್ನಡ ಅಕ್ಷರ ನೋಡಿ ವಾಪಸ್ಸು ಕೊಟ್ಟ. ಆಮೇಲೆ ತೆಂಗಿನಕಾಯಿ ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

“ಇಷ್ಟು ದೂರದಿಂದ ಇದನ್ನು ಯಾಕೆ ಹೊತ್ತು ತಂದೆ?” ಎಂದ ಹಿಂದಿಯಲ್ಲಿ.

“ಮಾಮಾಕೋ,” ಎಂದ ಮುದ್ದಯ್ಯ.

“ಯಾರ ಮಾಮಾ?”

“ಮೇರಾ ಬೇಟೀಕಾ. ಪಾಲ್ಪಾಮೆ ಹೈ.”

ಪೊಲೀಸನಿಗೆ ನಂಬಿಕೆ ಬರಲಿಲ್ಲ. ಮುದ್ದಯ್ಯ ಲಗ್ನಪತ್ರಿಕೆ ತೆಗೆದು ಅರಿಸಿನ ಹಚ್ಚಿದ ಮೂಲೆಗಳನ್ನು ತೋರಿಸಿದ. ಪೊಲೀಸ್ ಪಕ್ಕದವನನ್ನು ಕರೆದ. ಇಬ್ಬರೂ ಓದಲಾಗದ ಆ ಕಾಗದವನ್ನು ನೋಡಿ, ಅಕ್ಷತೆಯ ಪೊಟ್ಟಣ ನೋಡಿ, ಏನೋ ಮಾತಾಡಿಕೊಂಡು ನಕ್ಕರು. ಕಾಯಿಯನ್ನು ಅವರೇ ಜೋಪಾನವಾಗಿ ಬ್ಯಾಗಿನೊಳಗಿಟ್ಟು ಜಿಪ್ ಎಳೆದರು.

ಇಲ್ಲಿಯ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ ಎಂದು ಚಹಾದ ಅಂಗಡಿಯವನು ಹೇಳಿದ. ಅರ್ಧವೂ ಅಲ್ಲ, ಒಂದೂ ಅಲ್ಲ, ಕಾಲು ಗಂಟೆಗೆಂದು ಯಾರಾದರೂ ಗಡಿಯಾರ ತಿರುಗಿಸುತ್ತಾರೆಯೇ ಎಂದು ಮುದ್ದಯ್ಯನಿಗೆ ಸಿಟ್ಟು ಬಂತು. ತಿರುಗಿಸದೆ ಹಾಗೇ ಬಿಟ್ಟ.

ಬುಟ್ವಲ್‌ಗೆ ಒಂದು ಬಸ್ಸು, ಅಲ್ಲಿಂದ ಬೆಟ್ಟದ ದಾರಿಗೆ ಇನ್ನೊಂದು. ರಸ್ತೆ ಸುತ್ತಿಕೊಂಡು ಮೇಲೇರಿದಂತೆ ಗಾಳಿ ತಣ್ಣಗಾಯಿತು. ಇಳಿಜಾರಿನ ತುಂಬ ಕೆಂಪು ಹೂವು ಬಿಟ್ಟ ಮರಗಳು. ಚೀಟಿ ನೋಡಿದ ಕಂಡಕ್ಟರು ಒಂದು ಅಂಗಡಿಯ ಮುಂದೆ ಇಳಿಸಿ, ಮೇಲಕ್ಕೆ ಹೋಗುವ ಕಲ್ಲುಮೆಟ್ಟಿಲಿನ ದಾರಿ ತೋರಿಸಿದ. ಐದು ಕಾಯಿ ಹೊತ್ತುಕೊಂಡು ಮುದ್ದಯ್ಯ ಮುಕ್ಕಾಲು ಗಂಟೆ ಹತ್ತಿದ. ಎರಡು ಕಡೆ ನಿಂತು ಕಾಳಯ್ಯನನ್ನು ಬೈದ.

ಟೇಕ್ ಬಹದ್ದೂರನ ಮನೆ ಕೆಮ್ಮಣ್ಣು ಸಾರಿಸಿದ ಚಿಕ್ಕ ಮನೆ, ಮುಂದೆ ಒಂದು ಎಮ್ಮೆ. ಅವನು ಇರಲಿಲ್ಲ. ತಾಯಿ ಬಿಸಿಲಿಗೆ ಕೂತಿದ್ದಳು. ಹೆಂಡತಿ ಹೊರಗೆ ಬಂದು, ಯಾರು ಎಂದು ಕೇಳಿರಬೇಕು. “ತುಮಕೂರು,” ಎಂದ ಮುದ್ದಯ್ಯ. ಆ ಒಂದು ಶಬ್ದ ಅವಳಿಗೆ ಗೊತ್ತಿತ್ತು. ಒಳಗೆ ಕರೆದಳು. ಮದುವೆಗೆ ಕರೆಯದೆ ಕೂರಬಾರದು, ಕರೆದ ಮೇಲೇ ಕೂರುವುದು ಎಂದು ಅವನು ಅಂಗಳದಲ್ಲೇ ನಿಂತ. ಅವಳು ಚಾಪೆ ತಂದಳು, ನೀರು ತಂದಳು. ಅವನು ನೀರು ಕುಡಿದು ನಿಂತೇ ಇದ್ದ. ಇವನಿಗೆ ಸೊಂಟ ಬಗ್ಗುವುದಿಲ್ಲವೇನೋ ಎಂದು ಅವಳು ಒಂದು ಎತ್ತರದ ಸ್ಟೂಲು ತಂದಿಟ್ಟಳು. ಅವನು ಅದರ ಪಕ್ಕದಲ್ಲೂ ನಿಂತ.

ಬೆನ್ನಿನ ಬುಟ್ಟಿಯ ತುಂಬ ಹುಲ್ಲು ಹೊತ್ತುಕೊಂಡು ಟೇಕ್ ಬಹದ್ದೂರ್ ಬಂದ. ಇವನನ್ನು ನೋಡಿ ನಿಂತ. ಬುಟ್ಟಿ ಇಳಿಸಿದ. ಹುಲ್ಲನ್ನು ಎಮ್ಮೆಯ ಮುಂದೆ ಹರಡಿದ. ಕೈ ತೊಳೆದುಕೊಂಡ.

“ಏನ್ ಮುದ್ದಯ್ಯೋರೆ,” ಎಂದ, ಅಂತರಸನಹಳ್ಳಿಯ ಅದೇ ಕನ್ನಡದಲ್ಲಿ. “ದಾರಿ ತಪ್ತಾ?”

‘ಬಾವ’ ಎನ್ನಲಿಲ್ಲ. ಮುದ್ದಯ್ಯ ಝಾನ್ಸಿಯವರೆಗೆ ಕೂಡಿಸಿದ್ದ ಮಾತೆಲ್ಲ ಮರೆತುಹೋಯಿತು.

“ಕರೆಯಾಕ್ ಬಂದೆ,” ಎಂದ.

“ಅದ್ಕೆ ಇಲ್ಲೀಗಂಟ ಬಂದ್ರಾ? ಫೋನ್ ಇರ್ಲಿಲ್ವಾ?”

“ಫೋನಲ್ ಕರುದ್ರೆ ನಾನೇ ಯಾರ್ ಮನೆಗೂ ಹೋಗಕಿಲ್ಲ. ನಿನ್ನ ಹೆಂಗ್ ಕರೀಲಿ?”

ಟೇಕ್ ಬಹದ್ದೂರ್ ಹೆಂಡತಿಗೆ ಏನೋ ಹೇಳಿದ. ಅವಳು ಒಂದು ಹಿತ್ತಾಳೆ ತಟ್ಟೆ ತಂದಳು. ಮುದ್ದಯ್ಯ ಅದರಲ್ಲಿ ಬಾಡಿದ ಎಲೆ, ಅಡಿಕೆ, ಎರಡು ಕಾಯಿ, ಪಂಚೆ ಶರ್ಟು, ಸೀರೆ, ಪತ್ರಿಕೆ ಇಟ್ಟ. ಅಕ್ಷತೆಯ ಪೊಟ್ಟಣ ಬಿಚ್ಚಿ, ಮನೆಗೆ ಹಿರಿಯಳೆಂದು ಮುದುಕಿಯ ಕೈಗೆ ಕೊಟ್ಟ. ಮುದುಕಿ “ಅಚ್ಛೇತಾ” ಎಂದು ಸೊಸೆಗೆ ತೋರಿಸಿದಳು. ಮೊಸರು ತರಿಸಿ, ಅಕ್ಷತೆಯನ್ನು ಅದರಲ್ಲಿ ಕಲಸಿ, ಬೇಡ ಬೇಡ ಅನ್ನುವಷ್ಟರಲ್ಲಿ ಮುದ್ದಯ್ಯನ ಹಣೆಗೇ ಅಂಗೈಯಗಲ ಮೆತ್ತಿದಳು. ಮೊಸರು ಮೂಗಿನ ಮೇಲೆ ಇಳಿಯಿತು. ಕರೆಯಲು ಬಂದವನಿಗೇ ಅಕ್ಷತೆ ಬಿದ್ದದ್ದು ಅವನ ಜೀವಮಾನದಲ್ಲಿ ಅದೇ ಮೊದಲು.

“ಮದ್ವೆಗೆ ಬರ್ಬೇಕು. ಮನೇರೆಲ್ಲ ಬರ್ಬೇಕು,” ಎಂದ, ಮೊಸರು ಒರೆಸಿಕೊಳ್ಳದೆ.

ಟೇಕ್ ಬಹದ್ದೂರ್ ತಟ್ಟೆಯನ್ನು ಮುಟ್ಟಲಿಲ್ಲ. “ಮೊದ್ಲು ಊಟ ಮಾಡಿ,” ಎಂದ.

ಅನ್ನ, ಬೇಳೆ, ಸೊಪ್ಪು, ಒಂದು ಲೋಟ ಎಮ್ಮೆ ಹಾಲು. ಹೆಂಡತಿ ಎರಡನೇ ಸಲ ಅನ್ನ ತಂದಾಗ ಮುದ್ದಯ್ಯ, “ಸಾಕು ಸಾಕು,” ಎಂದ. ಅವಳು ಇನ್ನೂ ಎರಡು ಸೌಟು ಹಾಕಿದಳು. “ಸಾಕು ತಾಯಿ,” ಎಂದು ಕೈ ಅಡ್ಡ ಹಿಡಿದ. ಕೈ ಸರಿಸಿ ಮತ್ತೆ ಹಾಕಿದಳು. ಟೇಕ್ ಬಹದ್ದೂರ್ ಗೋಡೆ ಕಡೆ ತಿರುಗಿ ಕೂತಿದ್ದ, ಅವನ ಹೆಗಲು ಅಲುಗಾಡುತ್ತಿತ್ತು.

“ನಗ್ತೀಯಲ್ಲಾ, ಏನಂತೆ ಅವ್ಳಿಗೆ?”

“ನಮ್ ಮಾತಲ್ಲಿ ‘ಸಕ್ಯೋ’ ಅಂದ್ರೆ ಖಾಲಿ ಆಯ್ತು ಅಂತ. ನೀವು ಖಾಲಿ ಖಾಲಿ ಅಂತಿದ್ರೆ ಅವ್ಳು ಹಾಕ್ದೆ ಏನ್ ಮಾಡ್ತಾಳೆ?”

ಊಟವಾಯಿತು. ಪತ್ರಿಕೆಯ ತಟ್ಟೆ ಇಟ್ಟಲ್ಲೇ ಇತ್ತು. ಟೇಕ್ ಬಹದ್ದೂರ್ ಕೊಟ್ಟಿಗೆಯ ಮುರಿದ ಕಬ್ಬಿಣದ ಬಾಗಿಲು ಸರಿಮಾಡುತ್ತಿದ್ದ, ಮುದ್ದಯ್ಯ ತಂತಿ ಹಿಡಿದುಕೊಟ್ಟ. ವೆಲ್ಡಿಂಗ್ ಮೆಷಿನ್ ಇದ್ದಿದ್ದರೆ ಹತ್ತು ನಿಮಿಷದ ಕೆಲಸ ಎಂದ. ಹೂಂ ಎಂದ ಅವನು. ಅಷ್ಟೇ.

ಬೆಳಿಗ್ಗೆ ಮುದ್ದಯ್ಯ ಹೊರಟ. ರಜೆ ಇದ್ದದ್ದು ಅಷ್ಟು ದಿನಕ್ಕೆ, ಕೈಯಲ್ಲಿದ್ದದ್ದೂ ಅಷ್ಟಕ್ಕೇ. ಟೇಕ್ ಬಹದ್ದೂರ್ ಬಸ್ಸಿನವರೆಗೆ ಬರುತ್ತೇನೆಂದು ಜೊತೆಗೆ ಇಳಿದ. ಅರ್ಧ ದಾರಿ ಇಳಿದಿದ್ದರು.

“ಅವತ್ತು ನೀವು ಕೇಳಿದ್ದು ಸರಿ,” ಎಂದ ಟೇಕ್ ಬಹದ್ದೂರ್, ಮುಂದೆ ನಡೆಯುತ್ತಲೇ. “ನಾನ್ಯಾವೋನು? ಗೇಟ್ ಕಾಯೋನು. ಮಂಟಪದಲ್ಲಿ ನಿಮ್ ಜನ ಎಲ್ಲ ಅದ್ನೇ ಕೇಳ್ತಾರೆ. ನಾನು ಏನಂತ ನಿಂತ್ಕಳ್ಲಿ?”

ಮುದ್ದಯ್ಯ ಮೆಟ್ಟಿಲ ಮೇಲೆ ನಿಂತುಬಿಟ್ಟ. ಕಾಲು ನೋಯುತ್ತಿತ್ತು, ಅದಕ್ಕೆ ಅಂದುಕೊಂಡ.

“ಆ ಲಾರಿ ಹುಡ್ಗಂಗೆ ಮೊದ್ಲೇ ಒಬ್ಳು ಹೆಂಡ್ತಿ ಇದ್ಲು,” ಎಂದ.

“ಗೊತ್ತು. ಕೂಸು ಹೇಳ್ತು.”

“ನಾನು ಆ ಸಂಬಂಧ ತಂದಾಗ ನಮ್ಮಣ್ಣ ಏನೂ ಅನ್ಲಿಲ್ಲ. ಲಕ್ಷ್ಮೀನೂ ಅನ್ಲಿಲ್ಲ. ನನ್ ಬಾಯಿಗೆ ಎದುರ್ಕೊಂಡು ಯಾರೂ ಅನ್ಲಿಲ್ಲ. ನೀನೊಬ್ನೇ ಬ್ಯಾಡ ಅಂದಿದ್ದು. ಮೂರನೇಯೋನಾಗಿದ್ರೆ ನಿಂಗ್ಯಾಕ್ ಬೇಕಿತ್ತು ಅದು?” ಮುದ್ದಯ್ಯ ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದ. “ತಪ್ಪು ಮಾತಾಡ್ದೆ ಕಣೋ ಟೇಕಾ. ಹತ್ ಜನರ್ ಎದುರ್ಗೆ ಆಡ್ದೆ. ಮಂಟಪದಲ್ಲಿ ಐನೂರ್ ಜನ ಇರ್ತಾರೆ. ಯಾರಾದ್ರೂ ನೀನ್ಯಾವೋನು ಅಂತ ಕೇಳ್ಲಿ, ನಾನ್ ಹೇಳ್ತೀನಿ.”

ಟೇಕ್ ಬಹದ್ದೂರ್ ತಿರುಗಿ ನೋಡಲಿಲ್ಲ. ಇಬ್ಬರೂ ಇಳಿದು ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತರು. ಕೆಳಗೆ ತಿರುವಿನಲ್ಲಿ ಬಸ್ಸಿನ ಹಾರನ್ನು ಕೇಳಿಸಿತು.

“ಈ ಹುಡ್ಗನ್ನ ಯಾರು ವಿಚಾರ್ಸಿದ್ದು?” ಎಂದ ಟೇಕ್ ಬಹದ್ದೂರ್.

“ನಾನೇ.”

“ನೀನ್ ವಿಚಾರ್ಸಿದ್ದು ಬುಡು. ಬೇರೆ ಯಾರು?”

ಮುದ್ದಯ್ಯನ ಕಿವಿ ಬಿಸಿಯಾಯಿತು. ನುಂಗಿಕೊಂಡ. “ತೇಜೂನೇ ಎರಡು ವರ್ಷದಿಂದ ನೋಡವ್ಳೆ. ಅವ್ರಮ್ಮನ್ನ ಆಸ್ಪತ್ರೆಗೆ ಕರ್ಕೊಂಡ್ ಬರ್ತಿದ್ನಂತೆ.”

“ಕುಡೀತಾನಾ?”

“ಇಲ್ಲ.”

“ಮದ್ವೆ ಎಲ್ಲಿ?”

“ಕುಣಿಗಲ್ಲಲ್ಲಿ. ಕೆರೆ ಹತ್ರ ಛತ್ರ.”

“ಗಂಡಿನ್ ಊರಲ್ಲಾ? ಹೆಣ್ಣಿನ್ ಕಡೆ ಮಾಡೋದಲ್ವಾ ನಿಮ್ದು? ಯಾರನ್ ಕೇಳಿ ಒಪ್ಕೊಂಡೆ ಬಾವ?”

ಮುದ್ದಯ್ಯ ಬಾಯಿ ತೆರೆದ. ಛತ್ರ ಸಿಗಲಿಲ್ಲ, ಬಾಡಿಗೆ ಜಾಸ್ತಿ, ನಿನಗೇನು ಗೊತ್ತು ಅಲ್ಲಿಯ ಕಷ್ಟ ಎಂದೆಲ್ಲ ನಾಲಿಗೆಯವರೆಗೂ ಬಂತು. “ಕೇಳ್ಬೇಕಿತ್ತು,” ಎಂದ.

ಬಸ್ಸು ಬಂದು ನಿಂತಿತು. ಮುದ್ದಯ್ಯ ಬ್ಯಾಗು ಎತ್ತಿಕೊಂಡ. ಟೇಕ್ ಬಹದ್ದೂರ್ ಅದನ್ನು ಅವನ ಕೈಯಿಂದ ತೆಗೆದು ಮತ್ತೆ ಕಲ್ಲಿನ ಮೇಲಿಟ್ಟು, ಕಂಡಕ್ಟರಿಗೆ ಹೋಗು ಎಂದು ಸನ್ನೆ ಮಾಡಿದ.

“ಇನ್ನೊಂದ್ ಬಸ್ಸು ಹನ್ನೊಂದಕ್ಕೆ ಐತೆ. ಕೂತ್ಕೊ. ಅಡುಗೆಗೆ ಯಾರ್ನ ಹಿಡ್ದಿದ್ದೀಯಾ?”

“ಗುಬ್ಬಿಯೋರು.”

“ಗುಬ್ಬಿಲಿ ಯಾರು?” ಎಂದ ಟೇಕ್ ಬಹದ್ದೂರ್. ಮುದ್ದಯ್ಯ ಚಪ್ಪಲಿ ಬಿಚ್ಚಿ ಕಾಲು ಚಾಚಿ ಕೂತು, ಮೊದಲಿನಿಂದ ಹೇಳಲು ಶುರು ಮಾಡಿದ.